ಊರು ಬಿಡುವ ಮುನ್ನ ಕೇಳುವುದು ಯಾರನ್ನು?



ನಮ್ಮ ಕಡೆಯ ಮಾತಿನಲ್ಲಿ ಊರು ಬಿಡುವುದಕ್ಕೆ ಒಂದೇ ಹೆಸರಿಲ್ಲ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಜಡಿದು, ಮುದುಕರನ್ನೂ ದನಕರುಗಳನ್ನೂ ಹಿಂದೆ ಬಿಟ್ಟು, ಮಕ್ಕಳುಮರಿ ಕಟ್ಟಿಕೊಂಡು ಹೋಗುವುದು ಗುಳೆ. ಗಂಡಾಳೊಬ್ಬನೇ ಮುಂಬಯಿಗೋ ಗೋವೆಗೋ ಹೋದರೆ ಅದು ದುಡಿಯಲು ಹೋಗುವುದು. ನಾಲ್ಕಕ್ಷರ ಕಲಿತವನು ಹೋದರೆ ಅದು ನೌಕರಿ. ಹುಡುಗಿ ಹೋದರೆ, ಮೊನ್ನೆ ಮೊನ್ನೆಯವರೆಗೆ, ಅದು ಗಂಡನ ಮನೆಗೆ ಮಾತ್ರವಾಗಿತ್ತು. ಹೆಸರುಗಳು ಬೇರೆ ಬೇರೆಯಾಗಿದ್ದರೂ ಈ ಎಲ್ಲ ಪ್ರಯಾಣಗಳಲ್ಲಿ ಒಂದು ಸಮಾನವಾದ ಸಂಗತಿಯಿತ್ತು. ಹೊರಡುವ ಮೊದಲು ಯಾರಾದರೊಬ್ಬ ಮನುಷ್ಯನನ್ನು ಕೇಳಲಾಗುತ್ತಿತ್ತು. ಆ ಮನುಷ್ಯನಿಗೆ ಒಂದು ಊರು, ಒಂದು ಮನೆ, ಒಂದು ಮುಖ ಇರುತ್ತಿತ್ತು. ಇಂದು ನಮ್ಮ ತರುಣರು ಊರು ಬಿಡುವ ಮುನ್ನ ಕೇಳುವುದು ಕೈಯಲ್ಲಿರುವ ಫೋನನ್ನು. ಈ ತಿಂಗಳ ಅಂಕಣದಲ್ಲಿ ನಾವು ವಿಚಾರಿಸಬೇಕೆಂದಿರುವುದು ಈ ಬದಲಾವಣೆಯನ್ನು.

ಹಳೆಯ ಪದ್ಧತಿಯನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಯಾದಗಿರಿ, ರಾಯಚೂರು, ಕೊಪ್ಪಳಗಳ ಕಡೆಯಿಂದ ಜನರನ್ನು ಕರೆದೊಯ್ಯುತ್ತಿದ್ದ ಮೇಸ್ತ್ರಿಗಳಲ್ಲಿ ಒಳ್ಳೆಯವರೂ ಇದ್ದರು, ರಕ್ತ ಹೀರುವವರೂ ಇದ್ದರು. ಯುಗಾದಿಗೋ ಮಗಳ ಮದುವೆಗೋ ಮುಂಗಡ ಕೊಟ್ಟು, ಅದು ತೀರುವವರೆಗೆ ಇಡೀ ಕುಟುಂಬವನ್ನು ಇಟ್ಟಿಗೆ ಭಟ್ಟಿಯಲ್ಲಿಯೋ ಕಬ್ಬಿನ ಗದ್ದೆಯಲ್ಲಿಯೋ ಒತ್ತೆಯಾಳಿನಂತೆ ದುಡಿಸಿಕೊಂಡವರ ಕಥೆಗಳು ಯಾರಿಗೆ ತಿಳಿಯವು? ಆದರೆ ಆ ಮೇಸ್ತ್ರಿ ನೆರೆಯೂರಿನವನಾಗಿರುತ್ತಿದ್ದ. ಕರೆದೊಯ್ದ ಹುಡುಗ ತಿರುಗಿ ಬಾರದಿದ್ದರೆ ಅವನ ತಾಯಿ ಮೇಸ್ತ್ರಿಯ ಮನೆಯ ಕಟ್ಟೆಯ ಮೇಲೆ ಕುಳಿತು ಅಳಬಹುದಾಗಿತ್ತು. ಜಾತ್ರೆಯಲ್ಲಿ ನಾಲ್ಕು ಜನರ ಮುಂದೆ ಅವನ ಕೈ ಹಿಡಿದು ನಿಲ್ಲಿಸಿ ಕೇಳಬಹುದಾಗಿತ್ತು. ಓದುವ ಹುಡುಗರಿಗೆ ಈ ಕೆಲಸವನ್ನು ಮಠಗಳು ಮಾಡಿದವು. ತುಮಕೂರಿನ ಸಿದ್ಧಗಂಗೆಯ, ಧಾರವಾಡದ ಮುರುಘಾಮಠದ ಪ್ರಸಾದನಿಲಯಗಳಿಗೆ ಹಳ್ಳಿಯ ಮಕ್ಕಳು ಹೋಗುತ್ತಿದ್ದುದು ಊರಿನ ಹಿರಿಯರ ಒಂದು ಚೀಟಿಯನ್ನು ಹಿಡಿದುಕೊಂಡು. ನಾವೂ ಅಂಥದೊಂದು ಚೀಟಿಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡೇ ಊರು ಬಿಟ್ಟವರು. ಚೀಟಿಯಲ್ಲಿ ಎರಡೇ ಸಾಲು. ಆದರೆ ಹುಡುಗ ಕೆಟ್ಟರೆ ಬರೆದವರ ಹೆಸರು ಕೆಡುತ್ತಿತ್ತು, ಹುಡುಗನಿಗೆ ಕೆಡುಕಾದರೆ ಇರಿಸಿಕೊಂಡವರ ಹೆಸರು ಕೆಡುತ್ತಿತ್ತು.

2016ರ ಸೆಪ್ಟೆಂಬರಿನಲ್ಲಿ ಜಿಯೋ ಸಂಸ್ಥೆ ತನ್ನ ಸೇವೆಯನ್ನು ಮೊದಮೊದಲು ಉಚಿತವಾಗಿಯೇ ಆರಂಭಿಸಿದ ಮೇಲೆ ಅಂತರ್ಜಾಲ ಅಗ್ಗವಾಯಿತು. ಅದುವರೆಗೆ ತಾಲ್ಲೂಕಿನ ಸೈಬರ್ ಕೆಫೆಗೆ ಹೋಗಿ ಗಂಟೆಗೆ ಇಷ್ಟೆಂದು ಹಣ ತೆತ್ತು ನೋಡಬೇಕಾಗಿದ್ದುದು ಹೊಲದ ಬದುವಿಗೇ ಬಂದಿತು. ಎಮ್ಮೆ ಮೇಯಿಸುವ ಹುಡುಗನು ದುಬೈಯ ರಸ್ತೆಗಳನ್ನೂ, ಕೆನಡಾದ ಹಿಮವನ್ನೂ, ಬೆಂಗಳೂರಿನ ಪಿ.ಜಿ. ಕೋಣೆಯ ಬಾಡಿಗೆಯನ್ನೂ ನೋಡತೊಡಗಿದನು. ಇದರಲ್ಲಿ ತಪ್ಪೇನಿದೆ? ಲೋಕವನ್ನು ಕಾಣುವ ಹಂಬಲ ತಾರುಣ್ಯದ ಸಹಜ ಧರ್ಮ. ಹಿಂದೆ ಅದು ಸಿನಿಮಾ ನೋಡಿಯೋ, ರಜೆಗೆ ಬಂದ ಸೈನಿಕನ ಮಾತು ಕೇಳಿಯೋ ಹುಟ್ಟುತ್ತಿತ್ತು. ವ್ಯತ್ಯಾಸವಿರುವುದು ಇನ್ನೊಂದು ಕಡೆ. ಹಿಂದೆ ಹಂಬಲ ಹುಟ್ಟಿದ ಕೂಡಲೇ ಅದು ಬಾಯಿಗೆ ಬರಲೇಬೇಕಾಗಿತ್ತು, ಏಕೆಂದರೆ ದಾರಿ ತಿಳಿಯಲು ಇನ್ನೊಬ್ಬರನ್ನು ಕೇಳದೆ ಗತ್ಯಂತರವಿರಲಿಲ್ಲ. ಈಗ ಹಂಬಲವೂ, ದಾರಿಯೂ, ದರವೂ, ಅರ್ಜಿಯೂ ಒಂದೇ ಪರದೆಯಲ್ಲಿ ಮಾತಿಲ್ಲದೆ ಮುಗಿಯುತ್ತವೆ. ಮಗನು 'ಯಪ್ಪಾ, ನಾ ಹೊಂಟೇನಿ' ಎಂದು ಬಾಯಿಬಿಡುವ ಹೊತ್ತಿಗೆ ಆ ತೀರ್ಮಾನಕ್ಕೆ ಆರು ತಿಂಗಳ ವಯಸ್ಸಾಗಿರುತ್ತದೆ. ತಂದೆಗೆ ಅದು ಆ ಕ್ಷಣದಲ್ಲಿ ಹುಟ್ಟಿದ ಮಾತಿನಂತೆ ಕೇಳುತ್ತದೆ. ಆದುದರಿಂದಲೇ ಅವನು ಸಿಟ್ಟಾಗುತ್ತಾನೆ, ಮತ್ತು ಅವನ ಸಿಟ್ಟಿಗೆ ಅಷ್ಟೊತ್ತಿಗೆ ಯಾವ ಬೆಲೆಯೂ ಉಳಿದಿರುವುದಿಲ್ಲ.

ಹತ್ತಿರದ ಉದಾಹರಣೆಯಿಂದಲೇ ಆರಂಭಿಸೋಣ. ವಿಜಯಪುರ, ಕಲಬುರಗಿಗಳ ಕಡೆಯ ಎಷ್ಟೋ ತರುಣರು ಇಂದು ಬೆಂಗಳೂರಿನಲ್ಲಿ ಊಟದ ಪೊಟ್ಟಣ, ದಿನಸಿ, ಪಾರ್ಸೆಲ್ಲುಗಳನ್ನು ಮನೆಮನೆಗೆ ಮುಟ್ಟಿಸುವ ಕೆಲಸದಲ್ಲಿದ್ದಾರೆ. ಈ ಕೆಲಸಕ್ಕೆ ಮೇಸ್ತ್ರಿ ಬೇಕಿಲ್ಲ. ಫೋನಿನಲ್ಲಿ ಆ್ಯಪ್ ಇಳಿಸಿಕೊಂಡು, ಆಧಾರ್, ಪಾನ್, ಲೈಸೆನ್ಸು, ಬ್ಯಾಂಕ್ ಪಾಸ್‌ಬುಕ್ಕುಗಳ ಫೋಟೋ ಕಳಿಸಿದರೆ ಕೆಲವೇ ದಿನಗಳಲ್ಲಿ ಚೀಲವೂ ಅಂಗಿಯೂ ಸಿಗುತ್ತವೆ. ಮುಂಗಡದ ಋಣವಿಲ್ಲ. ನೀನು ಯಾರ ಮಗ, ಯಾವ ಕುಲದವನು ಎಂಬ ಪ್ರಶ್ನೆಯನ್ನು ಆ ಯಂತ್ರ ಕೇಳುವುದಿಲ್ಲ. ಕುಲವನ್ನು ಕೇಳಬಾರದೆಂದು ಶರಣರು ಸಾರಿ ಒಂಬತ್ತು ಶತಮಾನಗಳಾಗುತ್ತ ಬಂದರೂ ಕೇಳುವುದನ್ನು ಬಿಡದ ನಮ್ಮಂಥವರ ನಡುವೆ ಇದೊಂದು ಸಣ್ಣ ಲಾಭವೆಂದು ನಾವು ಭಾವಿಸುವುದಿಲ್ಲ.

ಆದರೆ ಅದೇ ಯಂತ್ರ ಇನ್ನೂ ಕೆಲವನ್ನು ಕೇಳುವುದಿಲ್ಲ. ಹುಡುಗ ಊಟ ಮಾಡಿದನೇ, ಜ್ವರ ಬಂದಿದೆಯೇ, ರಾತ್ರಿ ಹನ್ನೆರಡಕ್ಕೆ ಮಳೆಯಲ್ಲಿ ಬಿದ್ದರೆ ಯಾರಿಗೆ ಸುದ್ದಿ ಮುಟ್ಟಿಸಬೇಕು ಎಂಬ ಪ್ರಶ್ನೆಗಳು ಅದರಲ್ಲಿಲ್ಲ. ಹುಡುಗನು ಊರಿನಲ್ಲಿ ಕುಳಿತು ನೋಡಿದ ವಿಡಿಯೋದಲ್ಲಿ ಒಬ್ಬನು ವಾರದ ಗಳಿಕೆಯ ಅಂಕಿಯನ್ನು ತೋರಿಸಿ ನಕ್ಕಿರುತ್ತಾನೆ. ಆ ಅಂಕಿಯಿಂದ ಪೆಟ್ರೋಲು, ಗಾಡಿಯ ಕಂತು, ಕೋಣೆಯ ಬಾಡಿಗೆ, ಪಂಕ್ಚರು, ಊಟ ಇವನ್ನು ಕಳೆದು ತೋರಿಸಿರುವುದಿಲ್ಲ. ಇಂಥ ಕೆಲಸಗಾರರಿಗಾಗಿ ನಮ್ಮ ರಾಜ್ಯವು 2025ರಲ್ಲಿ ಒಂದು ಕಾಯಿದೆಯನ್ನೇ ಮಾಡಿತು. ಪ್ರತಿಯೊಂದು ವ್ಯವಹಾರದಲ್ಲಿ ಕೆಲಸಗಾರನಿಗೆ ಸಲ್ಲುವ ಮೊತ್ತದ ಮೇಲೆ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳಿಂದ ಪಡೆದು ನಿಧಿಯೊಂದನ್ನು ಕೂಡಿಸುವುದು, ಕೆಲಸಗಾರರ ಹೆಸರನ್ನು ನೋಂದಾಯಿಸುವುದು ಅದರ ತಿರುಳು. ನಮ್ಮ ಹುಡುಗರಿಗೆ ಆ್ಯಪಿನ ಪ್ರತಿಯೊಂದು ಗುಂಡಿಯೂ ಗೊತ್ತು. ಈ ಕಾಯಿದೆಯ ಹೆಸರು ಗೊತ್ತಿರುವವರು ನಮಗೆ ಸಿಕ್ಕಿದ್ದು ವಿರಳ. ಬೆಂಗಳೂರಿನಲ್ಲಿ ಮಗನಿರುವ ವಾಚಕರು ಅವನಿಗೆ ಇಂದೇ ಫೋನು ಮಾಡಿ ಹೇಳಬಹುದು.

ಇಷ್ಟು ಬೆಂಗಳೂರಿನ ಮಾತಾಯಿತು. ಅಲ್ಲಿ ಏನೇ ಆದರೂ ರಾತ್ರಿಯ ಬಸ್ಸು ಹಿಡಿದರೆ ಬೆಳಗಿಗೆ ಊರು. ದೇಶದ ಗಡಿ ದಾಟುವ ಹುಡುಗನ ಸಂಗತಿ ಹಾಗಲ್ಲ. 2023ರ ಕೊನೆಯಲ್ಲಿ ನಮ್ಮ ಕಲಬುರಗಿ ಜಿಲ್ಲೆಯ ಕೆಲವು ತರುಣರು ರಷ್ಯಾಕ್ಕೆ ಹೋದರು. ಅವರಿಗೆ ಆ ದಾರಿ ತೆರೆದದ್ದು ಯೂಟ್ಯೂಬಿನ ಒಂದು ಚಾನೆಲ್. ವಿಡಿಯೋ ಮಾಡುವವನು ಅಲ್ಲಿಯ ಬೀದಿಗಳಲ್ಲಿ ನಡೆದಾಡುತ್ತ, ಸೈನ್ಯಕ್ಕೆ ಸಹಾಯಕರು ಬೇಕಾಗಿದ್ದಾರೆ, ಯುದ್ಧಭೂಮಿಗೆ ಹೋಗಬೇಕಾಗಿಲ್ಲ, ಒಳ್ಳೆಯ ಸಂಬಳವಿದೆ ಎಂಬಂತೆ ಹೇಳಿದ್ದನು. ಏಜೆಂಟರಿಗೆ ಲಕ್ಷಗಟ್ಟಲೆ ಹಣ ಕೊಟ್ಟು ಹೋದ ಮೇಲೆ, ತಮಗೆ ಓದಲು ಬಾರದ ಭಾಷೆಯ ಕರಾರಿಗೆ ಸಹಿ ಹಾಕಿ, ಕೈಯಲ್ಲಿ ಬಂದೂಕು ಹಿಡಿದು ಉಕ್ರೇನಿನ ಗಡಿಯ ಕಂದಕಗಳಲ್ಲಿ ನಿಲ್ಲಬೇಕಾಯಿತು. ಇದೇ ಬಲೆಗೆ ಬಿದ್ದಿದ್ದ ಗುಜರಾತಿನ ಒಬ್ಬ ತರುಣ 2024ರ ಫೆಬ್ರವರಿಯಲ್ಲಿ ಅಲ್ಲಿ ಹತನಾದನು. ಮಾರ್ಚಿನಲ್ಲಿ ಸಿ.ಬಿ.ಐ. ಮೊಕದ್ದಮೆ ದಾಖಲಿಸಿ ಹಲವು ನಗರಗಳಲ್ಲಿ ಶೋಧ ನಡೆಸಿತು. ಜುಲೈಯಲ್ಲಿ ಪ್ರಧಾನಮಂತ್ರಿಗಳು ಮಾಸ್ಕೋಗೆ ಹೋದಾಗ ಈ ವಿಷಯವನ್ನು ಅಧ್ಯಕ್ಷ ಪುಟಿನ್ ಅವರ ಮುಂದಿಡಬೇಕಾಯಿತು. ಕಲಬುರಗಿಯ ಹುಡುಗರು ಜೀವಂತವಾಗಿ ಮನೆ ಮುಟ್ಟಿದ್ದು ಸೆಪ್ಟೆಂಬರಿನಲ್ಲಿ.

ಇವರನ್ನು ಮೂರ್ಖರೆಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ನಾವು ಹಾಗೆ ಕರೆಯಲಾರೆವು. ಅವರು ಕೇಳದೆ ಹೋದವರಲ್ಲ, ಕೇಳಿಯೇ ಹೋದವರು. ಕೇಳಿದ್ದು ಮಾತ್ರ ಪರದೆಯ ಮೇಲಿನ ಮುಖವನ್ನು. ಆ ಮುಖವನ್ನು ಅವರು ತಿಂಗಳುಗಟ್ಟಲೆ ನೋಡಿದ್ದರು. ಸೋದರಮಾವನ ಮುಖವನ್ನು ವರ್ಷಕ್ಕೆ ಎರಡು ಸಲ ನೋಡುವ ಹುಡುಗ ಅವನ ಮುಖವನ್ನು ದಿನಕ್ಕೆರಡು ಸಲ ನೋಡಿದ್ದ. ಪರಿಚಯವೆಂದರೆ ಇದೇ ಅಲ್ಲವೇ ಎಂದು ಮನಸ್ಸು ನಂಬುತ್ತದೆ. ನಾವು ಅವನನ್ನು ಬಲ್ಲೆವು, ಅವನು ನಮ್ಮನ್ನು ಬಲ್ಲನೇ? ನಮ್ಮ ಹುಡುಗನಿಗೆ ಕೆಡುಕಾದರೆ ಅವನು ಯಾರ ಮುಂದೆ ತಲೆ ತಗ್ಗಿಸಬೇಕು? ಈ ಎರಡು ಪ್ರಶ್ನೆಗಳು ಅವರ ಮನಸ್ಸಿಗೆ ಬರಲಿಲ್ಲ, ಕೇಳುವ ಹಿರಿಯರಿಗೆ ಸಂಗತಿಯೇ ತಿಳಿದಿರಲಿಲ್ಲ.

ಓದು ಕಡಿಮೆಯಾದವರು ಮಾತ್ರ ಹೀಗೆ ಸಿಕ್ಕಿಬೀಳುತ್ತಾರೆಂದು ತಿಳಿಯಬಾರದು. 2022ರ ಸೆಪ್ಟೆಂಬರಿನಲ್ಲಿ ನಮ್ಮ ವಿದೇಶಾಂಗ ಸಚಿವಾಲಯ ಎಚ್ಚರಿಕೆಯೊಂದನ್ನು ಹೊರಡಿಸಿತು. ಅದು ಕಂಪ್ಯೂಟರ್ ಬಲ್ಲ ತರುಣರನ್ನು ಉದ್ದೇಶಿಸಿದ್ದು. ಥಾಯ್ಲೆಂಡಿನಲ್ಲಿ ಡಿಜಿಟಲ್ ಮಾರಾಟದ ಕೆಲಸ, ಕೈತುಂಬ ಸಂಬಳ ಎಂದು ಸಾಮಾಜಿಕ ಜಾಲತಾಣಗಳಲ್ಲಿ ಜಾಹೀರಾತು. ಅಲ್ಲಿ ಇಳಿದ ಮೇಲೆ ಕಳ್ಳದಾರಿಯಲ್ಲಿ ಗಡಿ ದಾಟಿಸಿ ಮ್ಯಾನ್ಮಾರಿನಲ್ಲಿ ಬಂಧಿ. ಮಾಡಿಸುವ ಕೆಲಸವೋ, ಫೋನಿನ ಮೂಲಕ ಇತರರನ್ನು ವಂಚಿಸುವುದು. ಪ್ರೀತಿಯ ಮಾತಾಡಿ, ಹೂಡಿಕೆಯ ಆಸೆ ತೋರಿಸಿ ದೂರದೇಶದವರ ಹಣ ದೋಚುವುದು. ಒಪ್ಪದಿದ್ದರೆ ಹೊಡೆತ. 2025ರ ಮಾರ್ಚಿನಲ್ಲಿ ವಾಯುಪಡೆಯ ವಿಮಾನಗಳು ಥಾಯ್ಲೆಂಡಿನ ಮೇ ಸೋಟ್ ಪಟ್ಟಣದಿಂದ ಎರಡು ದಿನಗಳಲ್ಲಿ 549 ಜನ ಭಾರತೀಯರನ್ನು ತಾಯ್ನಾಡಿಗೆ ಕರೆತಂದವು. ನಮ್ಮ ಫೋನಿಗೆ ನಡುಮಧ್ಯಾಹ್ನ ಬರುವ ಮೋಸದ ಕರೆಯ ಆ ಬದಿಯಲ್ಲಿ, ಜಾಲದಲ್ಲಿಯೇ ಮೋಸಹೋದ ಒಬ್ಬ ತಾಯಿಯ ಮಗ ಕುಳಿತಿರಬಹುದೆಂಬುದನ್ನು ನೆನೆದರೆ ಮನಸ್ಸು ಮಂಕಾಗುತ್ತದೆ.

ಮೋಸದ ಉದ್ದೇಶವಿಲ್ಲದ ವಿಡಿಯೋಗಳಲ್ಲಿಯೂ ಒಂದು ದೋಷವುಂಟು. ಅವಕ್ಕೆ ವಯಸ್ಸಾಗುವುದಿಲ್ಲ. ಮುಪ್ಪಾದ ಸುದ್ದಿಯೂ ಅಲ್ಲಿ ಎಳೆಯ ಮುಖವನ್ನೇ ಹೊತ್ತು ಕುಳಿತಿರುತ್ತದೆ. ಕೆನಡಾಕ್ಕೆ ಓದಲು ಹೋಗುವುದು ಹೇಗೆಂದು 2019ರಲ್ಲಿ ಒಬ್ಬನು ಪ್ರಾಮಾಣಿಕವಾಗಿಯೇ ಹೇಳಿರಬಹುದು. ಆದರೆ 2024ರ ಜನವರಿಯಿಂದ ಆ ದೇಶವು ವಿದ್ಯಾರ್ಥಿಯು ಜೀವನವೆಚ್ಚಕ್ಕಾಗಿ ತೋರಿಸಬೇಕಾದ ಮೊತ್ತವನ್ನು 10,000 ಡಾಲರಿನಿಂದ 20,635 ಡಾಲರಿಗೆ ಏರಿಸಿತು. ಅದೇ ತಿಂಗಳು ಹೊರದೇಶದ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿಯನ್ನೂ ಸಾರಿತು. ಬ್ರಿಟನ್ನು ಸಹ 2024ರ ಜನವರಿಯಿಂದ, ಸಂಶೋಧನೆಯ ಪದವಿಗಳನ್ನು ಬಿಟ್ಟು, ಸಾಮಾನ್ಯ ಸ್ನಾತಕೋತ್ತರ ವಿದ್ಯಾರ್ಥಿಗಳು ಹೆಂಡತಿ ಮಕ್ಕಳನ್ನು ಜೊತೆಗೆ ಕರೆತರುವುದನ್ನು ನಿಲ್ಲಿಸಿತು. ಹಳೆಯ ವಿಡಿಯೋ ನೋಡಿ ಲೆಕ್ಕ ಹಾಕಿ, ಹೊಲದ ಮೇಲೆ ಸಾಲ ತೆಗೆದ ಕುಟುಂಬಕ್ಕೆ ಈ ವ್ಯತ್ಯಾಸ ತಿಳಿಯುವುದು ಯಾವಾಗ? ಸಾಲದ ಮೊದಲ ಕಂತು ಬಂದಾಗ. ಮತ್ತೊಂದು ಮಾತು. ವಿಡಿಯೋ ಮಾಡುವವನಿಗೆ ಆದಾಯ ಬರುವುದು ನೋಡುವವರ ಸಂಖ್ಯೆಯಿಂದ, ನಡುವೆ ಬರುವ ಜಾಹೀರಾತಿನಿಂದ, ಕೆಲವು ಸಲ ಏಜೆನ್ಸಿಗಳು ಕೊಡುವ ದಳ್ಳಾಳಿಯಿಂದ. 'ಇಲ್ಲಿಗೆ ಬಂದು ಕಷ್ಟಪಡುತ್ತಿದ್ದೇನೆ, ನೀವು ಬರಬೇಡಿ' ಎನ್ನುವವರೂ ಇದ್ದಾರೆ, ಇಲ್ಲವೆಂದಲ್ಲ. ಆದರೆ ಹೊರಡಲು ಮನಸ್ಸು ಮಾಡಿದವನ ಬೆರಳು ಅವರ ಮೇಲೆ ನಿಲ್ಲುವುದಿಲ್ಲ. ಅವನು ಯಾವುದನ್ನು ಹೆಚ್ಚು ನೋಡಿದನೋ ಅದನ್ನೇ ಯಂತ್ರ ಮತ್ತೆ ಮತ್ತೆ ಬಡಿಸುತ್ತದೆ.

ಜಾಲವು ಜನರನ್ನು ಕರೆದೊಯ್ಯುವುದಷ್ಟೇ ಅಲ್ಲ, ಓಡಿಸಿದ್ದೂ ಉಂಟು. 2012ರ ಆಗಸ್ಟ್ ತಿಂಗಳನ್ನು ಬೆಂಗಳೂರಿನ ವಾಚಕರು ಮರೆತಿರಲಾರರು. ಅಸ್ಸಾಮಿನ ಕೊಕ್ರಜಾರದ ಕಡೆ ನಡೆದ ಗಲಭೆಗಳ ಬೆನ್ನಿಗೆ, ಬೆಂಗಳೂರಿನಲ್ಲಿರುವ ಈಶಾನ್ಯ ರಾಜ್ಯಗಳವರ ಮೇಲೆ ದಾಳಿಯಾಗಲಿದೆ ಎಂಬ ಗಾಳಿಸುದ್ದಿ ಮೊಬೈಲ್ ಸಂದೇಶಗಳಲ್ಲಿಯೂ ಸಾಮಾಜಿಕ ಜಾಲತಾಣಗಳಲ್ಲಿಯೂ ಹರಡಿತು. ಎಲ್ಲಿಯದೋ ಯಾವಾಗಿನದೋ ಚಿತ್ರಗಳನ್ನು ಅದಕ್ಕೆ ಜೋಡಿಸಲಾಗಿತ್ತು. ಹೋಟೆಲುಗಳಲ್ಲಿ, ಬ್ಯೂಟಿ ಪಾರ್ಲರುಗಳಲ್ಲಿ, ಕಾವಲುಗಾರಿಕೆಯಲ್ಲಿ ದುಡಿಯುತ್ತಿದ್ದ ಮಕ್ಕಳು, ಕಾಲೇಜು ವಿದ್ಯಾರ್ಥಿಗಳು ಗಂಟುಮೂಟೆ ಕಟ್ಟಿ ರೈಲುನಿಲ್ದಾಣಕ್ಕೆ ಧಾವಿಸಿದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಕೆಲವೇ ದಿನಗಳಲ್ಲಿ ಸುಮಾರು 30,000 ಜನ ಊರು ಬಿಟ್ಟರೆಂದು ಆಗಿನ ವರದಿಗಳು ತಿಳಿಸಿದವು. ಒಬ್ಬರು ಒಟ್ಟಾಗಿ ಐದಕ್ಕಿಂತ ಹೆಚ್ಚು ಜನರಿಗೆ ಸಂದೇಶ ಕಳಿಸದಂತೆ ಕೇಂದ್ರ ಸರಕಾರವು ಕೆಲವು ದಿನ ತಡೆ ವಿಧಿಸಿತು. ಆಗ ಕೆಲವರು ನಿಲ್ದಾಣಕ್ಕೆ ಹೋಗಿ, ಹೋಗಬೇಡಿರೆಂದು ಕೈಮುಗಿದು ಕೇಳಿಕೊಂಡರು. ಆದರೆ ಫೋನಿನೊಳಗಿನ ಅಪರಿಚಿತನ ಮಾತು ಎದುರು ನಿಂತವರ ಮಾತಿಗಿಂತ ಬಲವಾಗಿತ್ತು. ಮುಂದೆ ಹಲವರು ತಿರುಗಿ ಬಂದರು. ಆ ಮಕ್ಕಳು ಅಂಜಿದ್ದರಲ್ಲಿ ನಮ್ಮ ನಗರದ ಪಾಲೂ ಇತ್ತೆಂದು ಹೇಳದಿದ್ದರೆ ಅನ್ಯಾಯವಾದೀತು. ವರ್ಷಗಟ್ಟಲೆ ನಮ್ಮ ನಡುವೆ ಬಾಳಿದರೂ ಪಕ್ಕದ ಮನೆಯವರನ್ನು ಕೇಳೋಣ ಎಂಬ ಭರವಸೆಯನ್ನು ನಾವು ಅವರಿಗೆ ಕೊಟ್ಟಿರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ನಮ್ಮ ಮಾತು ಏಕಪಕ್ಷೀಯವಾಗುತ್ತದೆ. 2022ರ ಮಾರ್ಚ್ 2ರಂದು ಉಕ್ರೇನಿನ ಖಾರ್ಕಿವ್ ನಗರದಲ್ಲಿದ್ದ ನಮ್ಮ ವೈದ್ಯವಿದ್ಯಾರ್ಥಿಗಳಿಗೆ ಭಾರತದ ರಾಯಭಾರ ಕಚೇರಿಯು, ಸಂಜೆ ಆರು ಗಂಟೆಯೊಳಗೆ ನಗರವನ್ನು ಬಿಟ್ಟು ನಡೆದಾದರೂ ಸರಿ ಪಿಸೋಚಿನ್, ಬಾಬಾಯಿ, ಬೆಜ್ಲ್ಯುಡಿವ್ಕಾ ಎಂಬ ನೆರೆಯೂರುಗಳನ್ನು ಸೇರಬೇಕೆಂದು ಸೂಚಿಸಿತು. ಅದರ ಹಿಂದಿನ ದಿನವಷ್ಟೇ ಹಾವೇರಿ ಜಿಲ್ಲೆಯ ನಮ್ಮ ಹುಡುಗನೊಬ್ಬ ಆ ನಗರದಲ್ಲಿ ಶೆಲ್ ದಾಳಿಗೆ ಬಲಿಯಾಗಿದ್ದ. ನೆಲಮಾಳಿಗೆಗಳಲ್ಲಿ ಅಡಗಿದ್ದ ಮಕ್ಕಳಿಗೆ ಈ ಸೂಚನೆ ತಲುಪಿದ್ದು ಟ್ವಿಟರಿನ ಮೂಲಕ, ಒಬ್ಬರಿಂದೊಬ್ಬರಿಗೆ ದಾಟಿದ ವಾಟ್ಸಾಪಿನ ಮೂಲಕ. ಅದೇ ಫೋನು, ಅದೇ ಜಾಲ. ಇಲ್ಲಿ ಮಾತಾಡಿದವರಿಗೆ ಹೆಸರಿತ್ತು, ಹೊಣೆಯಿತ್ತು.

2020ರ ಮೇ ತಿಂಗಳನ್ನೂ ನೆನೆಯಬೇಕು. ಲಾಕ್‌ಡೌನಿನಲ್ಲಿ ಸಿಕ್ಕಿಬಿದ್ದ ಕಾರ್ಮಿಕರು ತಮ್ಮ ರಾಜ್ಯಕ್ಕೆ ಹೋಗಬೇಕಾದರೆ ಸೇವಾ ಸಿಂಧು ಜಾಲತಾಣದಲ್ಲಿ ಹೆಸರು ನೋಂದಾಯಿಸಬೇಕಾಗಿತ್ತು. ಫೋನು ಬಲ್ಲವನು ನೋಂದಾಯಿಸಿಕೊಂಡ. ಬರಿಯ ಕರೆಯ ಫೋನು ಇದ್ದವನು ಇನ್ನೊಬ್ಬರ ಕಾಲು ಹಿಡಿದ. ಹೀಗೆ ಜಾಲವನ್ನು ಬಲ್ಲದಿರುವುದೂ ಒಂದು ಅಪಾಯವೇ. 'ನಮ್ಮ ಮಗನಿಗೆ ಮೊಬೈಲನ್ನೇ ಕೊಡಿಸಿಲ್ಲ' ಎಂದು ಹೆಮ್ಮೆಯಿಂದ ಹೇಳುವ ಗೃಹಸ್ಥರು ಇದನ್ನು ಗಮನಿಸಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿಯಂತೂ ಅಂತರ್ಜಾಲವು ಉಪಕಾರವನ್ನೇ ಹೆಚ್ಚು ಮಾಡಿದೆಯೆಂಬುದು ನಮ್ಮ ಅನುಭವ. ಯಾವ ಊರಿನಲ್ಲಿ ನರ್ಸಿಂಗ್ ಕಾಲೇಜಿದೆ, ಹಾಸ್ಟೆಲಿನ ಶುಲ್ಕವೆಷ್ಟು, ಯಾವ ಪರೀಕ್ಷೆಗೆ ಅರ್ಜಿಯ ಕೊನೆಯ ದಿನ ಯಾವುದು ಎಂಬುದನ್ನು ಹುಡುಗಿ ಈಗ ಅಣ್ಣನ ಮರ್ಜಿ ಕಾಯದೆ ತಿಳಿಯಬಲ್ಲಳು. ಇನ್ನೂ ಸೂಕ್ಷ್ಮವಾದ ಬದಲಾವಣೆಯೊಂದಿದೆ. ತಾಯಿಗೆ ದಿನವೂ ಮಗಳ ಮುಖವನ್ನು ನೋಡುತ್ತ ಮಾತಾಡಬಹುದೆಂಬ ಧೈರ್ಯವಿರುವುದರಿಂದ ಎಷ್ಟೋ ಮನೆಗಳಲ್ಲಿ ಮಗಳನ್ನು ಹೊರಗೆ ಕಳಿಸಲು ಒಪ್ಪಿಗೆ ದೊರೆತಿದೆ. ವಿಡಿಯೋ ಕಾಲ್ ಇಲ್ಲದಿದ್ದರೆ ಧಾರವಾಡಕ್ಕೂ ಬಿಡದಿದ್ದವರು ಇಂದು ಪುಣೆಗೆ ಬಿಟ್ಟಿದ್ದಾರೆ. ಆದರೆ ಆ ಧೈರ್ಯವನ್ನು ಹಗ್ಗವನ್ನಾಗಿ ಮಾಡಿಕೊಂಡವರೂ ಇದ್ದಾರೆ. ಮಗಳು ಎಲ್ಲಿದ್ದಾಳೆಂಬುದನ್ನು ನಕ್ಷೆಯಲ್ಲಿ ಗಂಟೆಗಂಟೆಗೂ ನೋಡುತ್ತ, ಮಗನು ಎಲ್ಲಿದ್ದಾನೆಂದು ತಿಂಗಳಿಗೊಮ್ಮೆಯೂ ಕೇಳದ ತಂದೆಯರನ್ನು ನಾವು ಬಲ್ಲೆವು. ರಷ್ಯಾದ ಕಂದಕದಲ್ಲಿ ನಿಂತವರು ಹೆಣ್ಣುಮಕ್ಕಳಾಗಿರಲಿಲ್ಲ.

ಇನ್ನು ನಮ್ಮ ಮನೆಗಳ ಒಳಗಿನ ಒಂದು ಸಂಗತಿ. ಹುಡುಗರು ಊರು ಬಿಡುವುದಕ್ಕೆ ವಿಡಿಯೋಗಳನ್ನಷ್ಟೇ ದೂರಿದರೆ ಸಾಲದು. ನಮ್ಮ ಪತ್ರಿಕೆಗಳ ವಧೂವರರ ಪುಟಗಳನ್ನು ತೆರೆದು ನೋಡಿರಿ. ಹುಡುಗ ಬೆಂಗಳೂರಿನಲ್ಲಿರಬೇಕು, ಸಾಫ್ಟ್‌ವೇರ್ ಆದರೆ ಉತ್ತಮ, ಹೊರದೇಶವಾದರೂ ಆದೀತು. ಹತ್ತು ಎಕರೆ ನೀರಾವರಿ ಇರುವ, ದುಶ್ಚಟಗಳಿಲ್ಲದ ಒಕ್ಕಲುಮಗನನ್ನು ಕೇಳುವವರಿಲ್ಲ. ವಿವಾಹದ ಜಾಲತಾಣಗಳಲ್ಲಂತೂ ಊರು, ಉದ್ಯೋಗ, ವರಮಾನಗಳಿಗೆ ಒಂದೊಂದು ಚೌಕ. ಬೇಡವಾದ ಚೌಕವನ್ನು ಬಿಟ್ಟರೆ ಆ ಹುಡುಗರೆಲ್ಲ ಒಂದೇ ಕ್ಷಣದಲ್ಲಿ ಕಣ್ಣಿನಿಂದ ಮರೆ. ಹಿಂದೆ ದಲ್ಲಾಳಿಯಾದರೂ 'ಮನೆತನ ಒಳ್ಳೇದೈತಿ, ಒಮ್ಮೆ ನೋಡಿ ಬರ್ರಿ' ಎನ್ನುತ್ತಿದ್ದ. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಮದ್ದೂರಿನ ಕಡೆಯಿಂದ ಮದುವೆಯಾಗದ ರೈತ ತರುಣರು ಹೆಣ್ಣು ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದುದನ್ನು ನಗೆಯ ಸುದ್ದಿಯಾಗಿ ಓದಿದವರೇ ಬಹಳ. ನಮಗೆ ನಗು ಬರಲಿಲ್ಲ. ಹೊಲವಿದ್ದೂ ಬೆಂಗಳೂರಿಗೆ ಹೋಗಿ ಚೀಲ ಹೊರುವ ಹುಡುಗನನ್ನು ಏಕೆಂದು ಕೇಳಿದರೆ, ಅವನು ಸಂಬಳದ ಮಾತು ಆಡುವುದಿಲ್ಲ. 'ಊರಾಗಿದ್ರ ಕನ್ಯಾ ಕೊಡೂದಿಲ್ರಿ ಗುರುಗಳ' ಎನ್ನುತ್ತಾನೆ. ಅವನನ್ನು ಊರು ಬಿಡಿಸಿದ ಚೌಕದಲ್ಲಿ ಗುರುತು ಹಾಕಿದ ಬೆರಳು ನಮ್ಮ ನಿಮ್ಮಂಥ ಹಿರಿಯರದು.

ಹಾಗಾದರೆ ಗೃಹಸ್ಥರು ಮಾಡಬೇಕಾದುದೇನು? ಫೋನು ಕಸಿದುಕೊಳ್ಳುವುದರಿಂದ ಕೆಲಸ ಕೆಡುತ್ತದೆ. ಹುಡುಗ ಇನ್ನಷ್ಟು ಗುಟ್ಟಾಗಿ ಹೊರಡುತ್ತಾನೆ. ಅವನ ಜೊತೆಗೆ ಕುಳಿತು, ಅವನು ನೋಡುತ್ತಿರುವುದನ್ನು ನಾವೂ ನೋಡುವುದು ಮೊದಲನೆಯ ಕೆಲಸ. ಬೈಯುವುದಕ್ಕಾಗಿ ಅಲ್ಲ, ಲೆಕ್ಕ ಹಾಕುವುದಕ್ಕಾಗಿ. ವಿಡಿಯೋ ಯಾವ ವರ್ಷದ್ದು? ಅದನ್ನು ಮಾಡಿದವನಿಗೆ ಹಣ ಯಾರಿಂದ? ಅವನು ಹೇಳಿದ ಸಂಬಳದಲ್ಲಿ ಕೈಗೆ ಉಳಿಯುವುದೆಷ್ಟು? ಆ ಊರಿನಲ್ಲಿ ಈಗಾಗಲೇ ಇರುವ, ನಮ್ಮ ಕಡೆಯ, ಅವನಿಗೆ ಒಂದು ಪೈಸೆಯ ಲಾಭವೂ ಇಲ್ಲದ ಒಬ್ಬ ಮನುಷ್ಯನನ್ನು ಹುಡುಕಿ ಮಾತಾಡಿದ್ದಾಯಿತೇ? ಈ ಕೊನೆಯ ಕೆಲಸಕ್ಕೆ ಅಂತರ್ಜಾಲದಷ್ಟು ಉಪಯುಕ್ತವಾದ ಸಾಧನ ಇನ್ನೊಂದಿಲ್ಲ. ಹಳ್ಳಿಯ ಶಾಲೆಯ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ ದುಬೈಯಲ್ಲಿಯೋ ಮಸ್ಕತಿನಲ್ಲಿಯೋ ಇರುವ ಒಬ್ಬ ಸಿಕ್ಕೇ ಸಿಗುತ್ತಾನೆ. ನಮ್ಮ ಮಠಗಳ, ಸಂಘಗಳ ಹಾಸ್ಟೆಲುಗಳಲ್ಲಿ ಓದಿ ಇಂದು ಲೋಕದ ನಾನಾ ಭಾಗಗಳಲ್ಲಿರುವವರ ಪಟ್ಟಿಯೊಂದನ್ನು ಆಯಾ ಸಂಸ್ಥೆಗಳು ಇಟ್ಟುಕೊಂಡು, ಕೇಳಿದ ತಂದೆತಾಯಿಗಳಿಗೆ ಒದಗಿಸಬಾರದೇಕೆ? ಹಿಂದಿನ ಚೀಟಿಯ ಕೆಲಸವನ್ನು ಇಂದು ಒಂದು ಫೋನ್ ಕರೆ ಮಾಡಬಹುದು.

ಹೊರದೇಶದ ಕೂಲಿಕೆಲಸಕ್ಕೆ ಹೋಗುವವರಿಗೆ ಸರಕಾರದ ಇ-ಮೈಗ್ರೇಟ್ ಎಂಬ ಜಾಲತಾಣವಿದೆ. ನೋಂದಾಯಿತ ಏಜೆಂಟರ ಹೆಸರು, ವಿಳಾಸ, ಪರವಾನಗಿಯ ಸಂಖ್ಯೆಗಳನ್ನು ಅದರಲ್ಲಿ ನೋಡಬಹುದು. 1983ರ ವಲಸೆ ಕಾಯಿದೆಯ ಅಡಿಯ ನಿಯಮಗಳು ಏಜೆಂಟನು ಕೆಲಸಗಾರನಿಂದ ಪಡೆಯಬಹುದಾದ ಸೇವಾಶುಲ್ಕಕ್ಕೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ.ಯ ಮಿತಿ ಹಾಕಿದವು. ಎರಡು ಲಕ್ಷ, ಮೂರು ಲಕ್ಷ ಕೇಳುವವನು ಆ ಮಾತಿನಿಂದಲೇ ತನ್ನ ಗುರುತನ್ನು ಹೇಳಿಕೊಂಡಂತಾಯಿತು. ಹತ್ತನೆಯ ತರಗತಿ ದಾಟದವರು ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವಾಗ ವಲಸೆ ಅನುಮತಿ ಪಡೆಯಬೇಕೆಂಬ ನಿಯಮವನ್ನು ಹಲವರು ಕಿರಿಕಿರಿಯೆಂದು ಭಾವಿಸಿ, ಪ್ರವಾಸದ ವೀಸಾದ ಮೇಲೆ ನುಸುಳಿ ಹೋಗುವುದುಂಟು. ಅದೇ ಅನುಮತಿಯ ಜೊತೆಗೆ 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ವಿಮೆಯೂ ಬರುತ್ತದೆಂಬುದು ಅವರಿಗೆ ತಿಳಿದಿರುವುದಿಲ್ಲ. ಪ್ರವಾಸದ ವೀಸಾದ ಮೇಲೆ ಹೋದರೆ ಆ ಲೆಕ್ಕದಲ್ಲಿ ನಮ್ಮ ಹುಡುಗ ಹೋಗಿಯೇ ಇಲ್ಲ. ಹಣವನ್ನು ಜಾಲದ ಮೂಲಕ ಕಳಿಸಿ ಮೋಸವಾಗಿದ್ದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು. ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದರೆ ಹಣ ಕೈ ಮೀರಿ ಹೋಗುತ್ತದೆ.

ಕೊನೆಗೆ, ಹುಡುಗನು ಹೊರಡುವುದೆಂದೇ ನಿಶ್ಚಯವಾದರೆ, ಮನೆಯವರೆಲ್ಲ ಕುಳಿತು ಒಂದು ಹಾಳೆಯಲ್ಲಿ ಕೆಲವು ಸಂಗತಿಗಳನ್ನು ಮಸಿಯಲ್ಲಿ ಬರೆದಿಡಬೇಕು. ಪಾಸ್‌ಪೋರ್ಟಿನ ಸಂಖ್ಯೆ, ವೀಸಾ ಯಾವ ಬಗೆಯದು, ಕೆಲಸ ಕೊಡುವವರ ಪೂರ್ಣ ವಿಳಾಸ, ಕಳಿಸಿದ ಏಜೆಂಟನ ಹೆಸರು ಮತ್ತು ಪರವಾನಗಿಯ ಸಂಖ್ಯೆ, ಕೊಟ್ಟ ಹಣ ಎಷ್ಟು, ಯಾವ ಖಾತೆಗೆ, ಆ ಊರಿನ ಭಾರತೀಯ ರಾಯಭಾರ ಕಚೇರಿಯ ದೂರವಾಣಿ, ಜೊತೆಗೆ ಹೋಗುತ್ತಿರುವ ಗೆಳೆಯನ ಮನೆಯ ಗುರುತು. ಪಾಸ್‌ಪೋರ್ಟಿನ ಝೆರಾಕ್ಸ್ ಪ್ರತಿಯೊಂದನ್ನು ಅದಕ್ಕೆ ಹಚ್ಚಬೇಕು. ಮಗನು 'ಎಲ್ಲಾ ಫೋನಿನ್ಯಾಗ ಐತಿ, ಯವ್ವಾ' ಎಂದು ನಗಬಹುದು, ನಗಲಿ. ಆ ಹಾಳೆಯನ್ನು ದೇವರ ಜಗುಲಿಯ ಮೇಲೆ, ತಾಯಿಯ ಕೈಗೆ ಎಟಕುವಲ್ಲಿ ಇಡಬೇಕು. ಫೋನು ಅವನ ಜೊತೆಗೇ ಹೋಗುತ್ತದೆ.